ಗಾಳಿ ಇಳಿಸಿದ ಟಯರು

"ಲೇ, ಬುಡ್ಲಾ ಆ ಗಡಾರೀನ!"

ಕೂಗಿದ್ದೂ ಹೊಡೆದದ್ದೂ ಒಂದೇ ಉಸಿರಿನಲ್ಲಿ. ತೂಬು ತಿರುಗಿಸುವ ಮೂರಡಿ ಕಬ್ಬಿಣದ ಹ್ಯಾಂಡಲ್ಲು ಅವನ ಎಡ ಹೆಗಲಿಗೆ ಬಿತ್ತು. "ಅಯ್ಯೋ ಅವ್ವಾ!" ಎನ್ನುತ್ತಾ ಅವನು ಕಾಲುವೆಯ ಕೆಸರಿಗೆ ಉರುಳಿದ. ಹುಬ್ಬು ಕಲ್ಲಿಗೆ ಬಡಿದು ರಕ್ತ ಕಣ್ಣಿಗಿಳಿಯಿತು.

ಮೋಹಿನಿ ಇನ್ನೊಂದು ಏಟಿಗೆ ಕೈ ಎತ್ತಿದ್ದಳು.

"ಒಡೀಬ್ಯಾಡ ತಾಯಿ! ಯಾರೋ ತೂಬಿಗೆ ಗಡಾರಿ ಸಿಗಿಸಿ ನೀರು ಕದೀತಿದ್ರು. ನಾನು ಅದ್ನ ಕೀಳ್ತಿದ್ದೆ ಅಷ್ಟೇಯಾ!"

ಅವಳು ಬಗ್ಗಿ ನೋಡಿದಳು. ಆ ಹಾರೆಕೋಲು ಅರ್ಧ ಹೊರಗೆ ಬಂದಿತ್ತು. ಅವನ ಅಂಗೈ ಸುಲಿದಿತ್ತು. ಹೇಳಿದ್ದು ನಿಜ!

ಮೊದಲ ಭೇಟಿಯಲ್ಲೇ ಹುಡುಗನ ಹೆಗಲ ಮೂಳೆ ಬಿರುಕು ಬಿಡುವಂತೆ ಬಾರಿಸಿದ ಹುಡುಗಿಯನ್ನು ನೀವು ಕಂಡಿದ್ದೀರೋ ಇಲ್ಲವೋ, ನಾನಂತೂ ಇವಳೊಬ್ಬಳನ್ನೇ ಕಂಡದ್ದು. ಆದರೆ ಪೂರ್ತಿ ಕೇಳದೆ ಅವಳನ್ನು ಬೈಯಬೇಡಿ.

ಮಳವಳ್ಳಿ ಕಡೆ, ಶಿಂಷಾ ಹೊಳೆ ದಡದ ಊರು ಅವಳದು. ಅಪ್ಪ ಕೆಂಪಸಿದ್ದಯ್ಯ ನೀರುಗಂಟಿ. ಅಂದರೆ, ಕಾಲುವೆ ನೀರನ್ನು ಸರದಿ ತಪ್ಪದಂತೆ ಗದ್ದೆ ಗದ್ದೆಗೂ ಹಂಚುವವನು. ತೂಬಿನ ಹ್ಯಾಂಡಲ್ಲು ನೀರುಗಂಟಿ ಮನೆಯ ಬಾಗಿಲ ಹಿಂದೆಯೇ ಇರಬೇಕು, ಬೇರೆಯವರ ಕೈಗೆ ಹೋಗಕೂಡದು. ಅದು ತಲೆತಲಾಂತರದ ಕಟ್ಟಳೆ. ಮೇಲಿನ ಬಯಲಿನ ಸಿದ್ದರಾಜು ಎರಡು ವರ್ಷದ ಹಿಂದೆ ಆ ಹ್ಯಾಂಡಲ್ಲು ಕೇಳಿದ. ಕೊಡುವುದಿಲ್ಲ ಎಂದ ತಪ್ಪಿಗೆ ಕೆಂಪಸಿದ್ದಯ್ಯನ ಬಲ ಮಂಡಿ ಚೂರಾಯಿತು. ಸಾಕ್ಷಿ ಹೇಳಲು ಒಬ್ಬನೂ ಮುಂದೆ ಬರಲಿಲ್ಲ. ಅಂದಿನಿಂದ ಹ್ಯಾಂಡಲ್ಲು ಮಗಳ ಹೆಗಲೇರಿತ್ತು.

"ನೋಯ್ತದಾ?" ಎಂದು ಕೇಳಿದಳು, ದನಿ ತಗ್ಗಿಸಿ.

"ಇಲ್ಲ, ಬೆಣ್ಣೆ ಸವರ್ದಂಗದೆ!"

ಅವಳಿಗೆ ನಗು ತಡೆಯಲಾಗಲಿಲ್ಲ. ಎಷ್ಟು ದಿನವಾಗಿತ್ತೋ ಹಾಗೆ ನಕ್ಕು!

ದಂಡೆಯ ಮೇಲೆ ಅವನ ಗಾಡಿ ನಿಂತಿತ್ತು. ನೋಡಲು ಸೈಕಲ್ಲು. ಆದರೆ ಟಯರು ಎರಡು ಕೈಯಲ್ಲಿ ಹಿಡಿಯುವಷ್ಟು ದಪ್ಪ!

"ಇದ್ಯಾವ ಸೀಮೆ ಸೈಕಲ್ಲು? ಬಂದಿದ್ದೇ ಕೇಳ್ನಿಲ್ಲ."

"ಕರೆಂಟಿನ ಬೈಕು. ಸದ್ದಿಲ್ಲ, ಪೆಟ್ರೋಲಿಲ್ಲ. ಕೆಸರು, ಕಲ್ಲು, ಕೊಯ್ದ ಗದ್ದೆ, ಎಲ್ಲಿ ಬೇಕಾದ್ರೂ ಓಯ್ತದೆ. ಮದ್ದೂರಲ್ಲಿ ನಂದೇ ಅಂಗ್ಡಿ, ರವಿಚಂದ್ರ ಅಂತ. ದಂಡೆ ಮೇಲೆ ಎಂಗೋಡ್ತದೆ ಅಂತ ನೋಡಕ್ ಬಂದಿದ್ದೆ." ಹುಬ್ಬಿನ ರಕ್ತ ಒರೆಸಿಕೊಂಡ. "ಬೈಕು ಚೆನ್ನಾಗೇ ಓಡ್ತು. ಓಡಿಸ್ದೋನ್ಗೇ ಗಾಚಾರ ಕೆಟ್ಟಿತ್ತು."

ಹದಿನೈದು ದಿನಕ್ಕೆ, ಕುತ್ತಿಗೆಗೆ ಕೈ ಕಟ್ಟಿಕೊಂಡು, ಅಂಥದ್ದೇ ಇನ್ನೊಂದು ಬೈಕನ್ನು ಅವಳ ಬಾಗಿಲಿಗೆ ತಂದು ನಿಲ್ಲಿಸಿದ.

"ದಿನಾ ಹನ್ನೊಂದು ಕಿಲೋಮೀಟ್ರು ದಂಡೆ ನಡೀತೀಯಂತೆ. ಮೂರು ತಿಂಗ್ಳು ಇದ್ರಲ್ಲಿ ಓಡಾಡು. ನೋಡ್ದ ರೈತರು ನನ್ ಅಂಗ್ಡಿಗೆ ಬರ್ಲಿ. ಅದೇ ನಂಗೆ ಲಾಭ."

ಮೋಹಿನಿಗೆ ಬೈಕಿನ ಮೇಲೆ ಮೊದಲ ದಿನವೇ ಮನಸ್ಸಾಯಿತು. ಒದ್ದೆ ದಂಡೆಯಲ್ಲೂ ಅದು ಜಾರುತ್ತಿರಲಿಲ್ಲ. ರಾತ್ರಿ ಪ್ಲಗ್ಗಿಗೆ ಸಿಗಿಸಿದರೆ ಬೆಳಗ್ಗೆ ತಯಾರು. ಹುಲ್ಲಿನ ಹೊರೆಯನ್ನೂ ಹೊರುತ್ತಿತ್ತು. ಸದ್ದೇ ಇಲ್ಲದ ಕಾರಣ ನೀರು ಕದಿಯುವವರು ಇವಳು ಬೆನ್ನ ಹಿಂದೆ ಬಂದು ಕೆಮ್ಮಿದಾಗಲೇ ಬೆಚ್ಚಿಬೀಳುತ್ತಿದ್ದರು.

ರವಿಚಂದ್ರನ ಮೇಲೆ ಮನಸ್ಸಾದದ್ದು ಬೇರೆ ದಿನ. ಆವತ್ತು ಅವನು ಕೆಂಪಸಿದ್ದಯ್ಯನನ್ನು ಮಗುವಿನಂತೆ ಎತ್ತಿ ಹಿಂದಿನ ಸೀಟಿಗೆ ಕೂರಿಸಿ, ತೂಬಿನವರೆಗೂ ಕರೆದೊಯ್ದ. ಎರಡು ವರ್ಷದ ಮೇಲೆ ಕಾಲುವೆ ಕಂಡ ಮುದುಕ ನೀರಿಗೆ ಕೈಯಿಟ್ಟು ಗಳಗಳ ಅತ್ತ. ಪಕ್ಕದಲ್ಲಿ ರವಿಚಂದ್ರನೂ ಕಣ್ಣೊರೆಸಿಕೊಳ್ಳುತ್ತಿದ್ದ.

'ಇವನು ನಮ್ಮವನು,' ಅಂದುಕೊಂಡಳು. ಅಷ್ಟೇ. ಮುಗಿದೇ ಹೋಯಿತು ಅವಳ ಕಥೆ!

ಆಮೇಲೆ ಆ ಭಾನುವಾರ ಬಂತು.

ಬೆಳಗ್ಗೆ ಸಿದ್ದರಾಜು ಹೇಳಿ ಕಳಿಸಿದ್ದ: "ನಾಳೀಕ್ ಹ್ಯಾಂಡಲ್ಲು ನನ್ ಮನೆ ಸೇರ್ಬೇಕು. ಅಪ್ಪನ್ದು ಇನ್ನೊಂದು ಕಾಲು ಐತೆ, ಗ್ಯಾನ ಇರ್ಲಿ." ಸೋಮವಾರ ಹತ್ತು ಗಂಟೆಗೆ ಹೊಳೆಯಾಚೆಯ ಕೊನೆಯ ಬಯಲಿನ ಸರದಿ. ಆ ಗಳಿಗೆ ತಪ್ಪಿದರೆ ಇನ್ನು ಹದಿನೈದು ದಿನ ನೀರಿಲ್ಲ, ಹೊಡೆಯಿಂದ ತೆನೆ ಬಿಚ್ಚುತ್ತಿದ್ದ ಭತ್ತವೆಲ್ಲ ಸುಟ್ಟುಹೋಗುತ್ತಿತ್ತು.

ಸಂಜೆ ದೊಡ್ಡಮ್ಮ ಪಟ್ಟಲಮ್ಮ ಮದ್ದೂರಿನಿಂದ ಬಂದವಳೇ ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ಆ ಬೈಕಿನ ಐದ ಯಾರು ಗೊತ್ತೇನಮ್ಮಿ? ಅಂಕಮ್ಮನ ಮಗ. ಸಿದ್ದರಾಜನ ಸ್ವಂತ ಅಕ್ಕನ ಮಗ ಕಣಮ್ಮಿ!"

ಮೋಹಿನಿಯ ಕೈಯಿಂದ ಚೊಂಬು ಬಿತ್ತು. ಮೂರು ತಿಂಗಳು... ಒಂದು ಮಾತೂ ಹೇಳಲಿಲ್ಲ! ಅಪ್ಪನ ಮಂಡಿ ಒಡೆದವನ ರಕ್ತ ನಮ್ಮ ಜಗಲಿಯ ಮೇಲೆ ಕೂತು ಮುದ್ದೆ ಉಂಡಿತೇ? ಫೋನಿನಲ್ಲಿ ಅವನ ನಂಬರು ಬ್ಲಾಕ್ ಮಾಡಿದಳು. ಆ ರಾತ್ರಿ ಅವಳು ರೆಪ್ಪೆ ಮುಚ್ಚಲಿಲ್ಲ.

ಬೆಳಗ್ಗೆ ಎಂಟಕ್ಕೆ ಅಂಗಳದಲ್ಲಿ 'ಉಸ್ಸ್' ಎಂಬ ಸದ್ದು. ಹೊರಗೆ ಬಂದು ನೋಡುತ್ತಾಳೆ, ರವಿಚಂದ್ರ ಅವಳ ಬೈಕಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಟಯರಿನ ಗಾಳಿ ಬಿಡುತ್ತಿದ್ದಾನೆ! ಮುಂದಿನದು ಆಗಲೇ ಮೆತ್ತಗಾಗಿತ್ತು.

"ಮೋಹಿನಿ, ಫೋನ್ ಯಾಕ್ ತಗೀತಿಲ್ಲ? ಕೇಳಿಲ್ಲಿ, ಇವತ್ತು ದಂಡೆ ಮೇಲೆ ಓಗ್ಬ್ಯಾಡ. ಹೊಳೆ ಮರಳಲ್ಲಿ ದಾಟ್ಕಂಡು ಓಗು..."

ಅವನ ಕೆನ್ನೆಗೆ ಪಟಾರನೆ ಬಿತ್ತು.

"ಯಾವ ಗಾಡೀನೂ ಓಗ್ದಿರೋ ಮರಳ್ಗೆ, ಗಾಳಿ ಇಲ್ದಿರೋ ಬೈಕಲ್ಲಿ ಕಳಿಸ್ತೀಯೇನ್ಲಾ? ಅಲ್ಲಿ ಯಾರ್ನ ನಿಲ್ಸವ್ನೆ ನಿಮ್ಮಾವ?"

ಅವನ ಮುಖ ಬಿಳಿಚಿಕೊಂಡಿತು. "ಅವನು ನಮ್ಮಾವ ಅಂತ ಏಳ್ನಿಲ್ಲ, ತಪ್ಪಾಯ್ತು. ಏಳಿದ್ರೆ ಬಾಗ್ಲಿಗೂ ಸೇರಿಸ್ತಿರ್ಲಿಲ್ಲ ನೀನು. ಆದ್ರೆ ಟಯರು..."

"ನಿನ್ ಬಾಯಲ್ಲಿ ನನ್ನೆಸ್ರು ಬರ್ಬಾರ್ದು. ನಡಿ!" ಹ್ಯಾಂಡಲ್ಲು ಎತ್ತಿದಳು. ಅವನು ಅವಳ ಕಣ್ಣನ್ನೊಮ್ಮೆ ನೋಡಿ, ತನ್ನ ಬೈಕನ್ನು ಹೊಳೆಯತ್ತ ತಿರುಗಿಸಿದ.

ಊರಲ್ಲಿ ಆ ಟಯರಿನ ಮೂತಿಗೆ ಸರಿಹೊಂದುವ ಪಂಪು ಇರಲಿಲ್ಲ. ಅರೆಗಾಳಿಯ ಬೈಕನ್ನೇ ಹತ್ತಿ, ಅವನು ಬೇಡವೆಂದ ದಂಡೆಯನ್ನೇ ಹಿಡಿದಳು. ಹಠ ನೋಡಿ!

ಊರ ಮುಂದಿನ ಕಾಲುವೆ ಸೇತುವೆ ದಾಟಿ ಇನ್ನೂ ಇನ್ನೂರು ಮಾರು ಹೋಗಿರಲಿಲ್ಲ. ಕಬ್ಬಿನ ಗದ್ದೆಯಿಂದ ಎರಡು ಮೋಟರ್ ಬೈಕು ನುಗ್ಗಿ ಬಂದವು. ಒಂದರಲ್ಲಿ ಸಿದ್ದರಾಜು, ಇನ್ನೊಂದರಲ್ಲಿ ಅವನ ಇಬ್ಬರು ಆಳುಗಳು.

"ತತ್ತಾ ಹ್ಯಾಂಡಲ್ಲ!"

ಅವಳು ಕೊಡಲಿಲ್ಲ. ಆಳಿನ ದೊಣ್ಣೆ ಅವಳ ಬೆನ್ನಿಗೆ ಬಿತ್ತು, ಎರಡನೆಯದು ತಲೆಗೆ. ಕಣ್ಣು ಕತ್ತಲೆ ಬಂತು, ಕಿವಿಯ ಹಿಂದೆ ಬಿಸಿ ರಕ್ತ ಹರಿಯಿತು. ಅವಳು ಬೀಸಿದ ಹ್ಯಾಂಡಲ್ಲು ಒಬ್ಬನ ದವಡೆಗೆ ಬಡಿದು ಅವನು ಹಲ್ಲು ಉಗುಳಿದ. ಮುಂದೆ ಸಿದ್ದರಾಜು, ಹಿಂದೆ ಆಳುಗಳು. ಉಳಿದದ್ದು ಒಂದೇ, ಎಡಕ್ಕೆ ಹೊಳೆಯ ಇಳಿಜಾರು. ಒಣಗಿ ಬಿಳಿಯಾಗಿದ್ದ ಮರಳು.

'ಅಲ್ಲೇ ಸಾಯ್ತೀನಿ, ಆದ್ರೆ ಇವನ ಕೈಗೆ ಕೊಡಕ್ಕಿಲ್ಲ!' ಅಂದುಕೊಂಡು ಬೈಕನ್ನು ಕೆಳಕ್ಕೆ ನೂಕಿದಳು.

ಹೂತುಹೋಗುತ್ತದೆ ಅಂತ ಹಲ್ಲು ಕಚ್ಚಿದಳು. ಹೂಳಲಿಲ್ಲ! ಮೆತ್ತಗಿನ ಟಯರು ಮರಳಿನ ಮೇಲೆ ಅಗಲವಾಗಿ ಹರಡಿಕೊಂಡು, ಅವಳನ್ನು ಹೊತ್ತು ಸರಸರನೆ ಸಾಗಿತು. ಹಿಂದೆ ಮೋಟರ್ ಬೈಕುಗಳು ಅಬ್ಬರಿಸಿಕೊಂಡು ಇಳಿದವು. ಹತ್ತು ಮಾರಿಗೆ ಮುಂದಿನ ಚಕ್ರ ಕಚ್ಚಿಕೊಂಡು ಸಿದ್ದರಾಜು ತಲೆಕೆಳಗಾಗಿ ಬಿದ್ದ, ಬೈಕು ಅವನ ಕಾಲ ಮೇಲೆಯೇ ಬಿತ್ತು. ಇನ್ನೊಂದೂ ಅಲ್ಲೇ ಹೂತಿತು.

ಹೊಳೆಯ ನಡುವೆ ಮೋಹಿನಿಗೆ ಅರ್ಥವಾಯಿತು. ಅವನು ಗಾಳಿ ಬಿಟ್ಟದ್ದು ಮರಳಿಗೆ! ಗಟ್ಟಿ ಟಯರು ಹೂತುಹೋಗುತ್ತಿತ್ತು. ಇಷ್ಟು ದಿನ ದಂಡೆಗೆಂದು ಗಟ್ಟಿಯಾಗಿ ತುಂಬಿಸಿಕೊಡುತ್ತಿದ್ದವನು, ಇವತ್ತು ಅವಳು ಬದುಕಲಿ ಅಂತ ಇಳಿಸಿದ್ದ...

'ಅಯ್ಯೋ, ನಾನು ಅವನಿಗೆ ಹೊಡೆದೆನಲ್ಲಾ!'

ತಿರುಗಿ ನೋಡಿದಳು. ಆಳುಗಳಿಬ್ಬರೂ ಬೈಕು ಬಿಟ್ಟು ಮಚ್ಚು ಹಿರಿದು ಓಡಿ ಬರುತ್ತಿದ್ದರು. ಅವರಿಗೂ ಅವಳಿಗೂ ನಡುವೆ, ಆಚೆ ದಡದಿಂದ ಸದ್ದಿಲ್ಲದೆ ನುಗ್ಗಿತು ಇನ್ನೊಂದು ದಪ್ಪ ಟಯರಿನ ಬೈಕು. ರವಿಚಂದ್ರ! ಬೈಕಿನ ಸಮೇತ ಒಬ್ಬನ ಮೇಲೆ ಬಿದ್ದ.

"ಓಗು ಮೋಹಿನಿ! ತೂಬಿನತ್ರ ಓಗು!"

ಎರಡನೆಯವನ ಮಚ್ಚು ಅವನ ತೋಳಿಗೆ ಇಳಿಯಿತು. ಮರಳು ಕೆಂಪಾಯಿತು. ಹಲ್ಲು ಮುರಿದವನು ಎದ್ದು ಅವನ ಪಕ್ಕೆಗೆ ಒದೆಯತೊಡಗಿದ. ರವಿಚಂದ್ರ ಮಾತ್ರ ಇಬ್ಬರ ಕಾಲನ್ನೂ ತಬ್ಬಿ ಹಿಡಿದು ಬಿಡಲೇ ಇಲ್ಲ.

ತೂಬು ಕಣ್ಣೆದುರಿಗಿತ್ತು. ಗಂಟೆ ಒಂಬತ್ತೂವರೆ. ಮೋಹಿನಿ ಬೈಕು ತಿರುಗಿಸಿದಳು.

ಬೆನ್ನ ಹಿಂದೆ ಬಂದದ್ದು ಅವರಿಗೆ ಕೇಳಲೇ ಇಲ್ಲ. ಮಚ್ಚು ಇನ್ನೊಮ್ಮೆ ಮೇಲೇರಿದ ಗಳಿಗೆಯಲ್ಲೇ ಹ್ಯಾಂಡಲ್ಲು ಆ ಮಣಿಕಟ್ಟಿನ ಮೇಲೆ ಬಿತ್ತು. ಕಟಕ್ಕೆಂದಿತು ಮೂಳೆ. ಇನ್ನೊಂದು ಏಟು ಹಲ್ಲು ಮುರಿದವನ ಮೊಣಕೈಗೆ. ಇಬ್ಬರೂ ಅರಚಿಕೊಂಡು ಓಡಿದರು.

ಸಿದ್ದರಾಜು ಬೈಕಿನ ಕೆಳಗೆ ಸಿಕ್ಕಿ ಒದ್ದಾಡುತ್ತಿದ್ದ. ಮೋಹಿನಿ ಅವನ ಬಲ ಮಂಡಿಯ ಮೇಲೆ ಹ್ಯಾಂಡಲ್ಲು ಎತ್ತಿ ಹಿಡಿದಳು. ರಕ್ತ ಸುರಿಯುವ ಮುಖ, ಕೆದರಿದ ಕೂದಲು.

"ಬ್ಯಾಡ ಕಣಮ್ಮಿ! ಕೈ ಮುಗೀತೀನಿ!"

ಹ್ಯಾಂಡಲ್ಲು ಬೀಸಿ ಬಂತು. ಮಂಡಿಯಿಂದ ಒಂದು ಗೇಣು ಆಚೆ ಮರಳಿಗೆ ಇಳಿಯಿತು. ಸಿದ್ದರಾಜು ಕಾಲು ಹೋದಂತೆಯೇ ಕಿರುಚಿದ.

"ನಮ್ಮಪ್ಪಾನೂ ಇಂಗೇ ಕಿರುಚ್ಕಂಡಿದ್ದ," ಎಂದಳು. "ಆವತ್ತು ಯಾರೂ ನೋಡ್ನಿಲ್ಲ. ಇವತ್ತು ನೋಡು, ದಡದ್ ಮೇಲೆ."

ನೀರಿಗೆ ಕಾದು ನಿಂತಿದ್ದ ಕೊನೆಯ ಬಯಲಿನ ಜನ ಸಾಲಾಗಿ ದಡಕ್ಕೆ ಬಂದಿದ್ದರು. ಮುಂದೆ ನಿಂತ ತಿಮ್ಮಯ್ಯ ಕೂಗಿದ, "ಎಲ್ಲಾನೂ ನೋಡೀವಿ ಕಣವ್ವ! ಸ್ಟೇಸನ್ನಿಗೂ ಬತ್ತೀವಿ, ಕೋರ್ಟಿಗೂ ಬತ್ತೀವಿ!"

ಅವಳು ವೇಲಿನಲ್ಲಿ ರವಿಚಂದ್ರನ ತೋಳು ಬಿಗಿದು ಕಟ್ಟಿ ಹಿಂದೆ ಕೂರಿಸಿಕೊಂಡಳು. ಆ ಮೆತ್ತನೆ ಟಯರು ಇಬ್ಬರನ್ನೂ ಹೊತ್ತು ದಡ ಹತ್ತಿಸಿತು.

"ಮೊದ್ಲು ಆಸ್ಪತ್ರೆ," ಎಂದಳು.

"ಮೊದ್ಲು ತೂಬು," ಎಂದ ಅವನು, ಅವಳ ಬೆನ್ನಿಗೆ ಹಣೆ ಆನಿಸಿ. "ಆಂಬುಲೆನ್ಸು ಎಂಗೂ ಬರೋವರ್ಗೂ ಕಾಯ್ಬೇಕು."

ಹತ್ತಕ್ಕೆ ಸರಿಯಾಗಿ ಹ್ಯಾಂಡಲ್ಲು ತಿರುಗಿತು. ಅವಳ ಕೈಯ ರಕ್ತ ತೊಳೆದುಕೊಂಡು ನೀರು ಕೊನೆಯ ಬಯಲಿಗೆ ಹರಿಯಿತು.

ಮಂಡ್ಯದ ಆಸ್ಪತ್ರೆಯಲ್ಲಿ ಅವನು ಸರಿಯಾಗಿ ಕಣ್ಣು ಬಿಟ್ಟದ್ದು ಮೂರನೆಯ ದಿನ. ತೋಳಿಗೆ ಇಪ್ಪತ್ತೆರಡು ಹೊಲಿಗೆ, ಎರಡು ಪಕ್ಕೆಲುಬು ಮುರಿದಿದ್ದವು. ಸ್ಟೂಲಿನ ಮೇಲೆ ಮೋಹಿನಿ, ತಲೆಗೆ ಪಟ್ಟಿ.

"ನಿಮ್ಮಾವ ಜೈಲಲ್ಲವ್ನೆ. ಅಪ್ಪನ ಕೇಸೂ ಮತ್ತೆ ತೆಗ್ದವ್ರೆ," ಎಂದಳು. ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡಳು. "ಅವ್ರು ಕಾಯ್ತಾ ಕೂತವ್ರೆ ಅಂತ ನಿಂಗೆಂಗೆ ಗೊತ್ತಾಯ್ತು?"

"ನಮ್ಮಾವ ಅವ್ವಂಗೆ ಫೋನ್ ಮಾಡಿ ಜಂಬ ಕೊಚ್ಚಿದ್ನಂತೆ. ಅವ್ವಾನೇ ನನ್ನೆಬ್ಬಿಸಿ ಕಳ್ಸಿದ್ಲು. 'ಆ ಹುಡ್ಗೀಗೆ ಏನಾದ್ರೂ ಆದ್ರೆ ಮನೀಗ್ ಬರ್ಬ್ಯಾಡ' ಅಂದ್ಲು."

ಅವಳ ಕಣ್ಣೀರು ಅವನ ಅಂಗೈ ಮೇಲೆ ಉದುರಿತು. "ಹೊಡ್ದುಬುಟ್ಟೆ ಕಣೋ... ಎರಡ್ ಸಲ! ಒಂದ್ ಸಲಾನೂ ಪೂರ್ತಿ ಕೇಳ್ನಿಲ್ಲ. ನಿನ್ ಬುಟ್ರೆ ನಂಗೆ ಯಾರೂ ಬ್ಯಾಡ... ಏಳಾಯ್ತು. ಈಗ ನೀನೇಳು."

"ಏಳಿದ್ರೆ ಇನ್ನೊಂದ್ ಏಟು ಬೀಳಕ್ಕಿಲ್ಲ ತಾನೇ?"

"ಏಳ್ದೇ ಇದ್ರೆ ಬೀಳ್ತದೆ!"

ನಗಲು ಹೋಗಿ ಪಕ್ಕೆ ಹಿಡಿದುಕೊಂಡ. "ಮೊದಲ್ನೇ ಏಟಿಗೇ ನಿನ್ನೋನಾಗ್ಬುಟ್ಟೆ ಕಣಮ್ಮಿ. ಇನ್ನೇನೇಳ್ಲಿ..." ಆಮೇಲೆ ಏನೋ ನೆನಪಾಗಿ ಹುಬ್ಬು ಗಂಟಿಕ್ಕಿದ. "ಅಂದಂಗೆ, ಇಲ್ಲೀಗಂಟ ಎಂಗ್ ಬಂದೆ?"

"ಬೈಕಲ್ಲೇ. ಮೂರು ದಿನದಿಂದ್ಲೂ."

"ಅದೇ ಗಾಳೀಲಾ? ಟಾರ್ ರೋಡಲ್ಲಿ? ಟಯರು ಸವ್ದೋಯ್ತದೆ ಕಣೇ! ಅಂಗ್ಡೀಲಿ ಪಂಪೈತೆ, ತುಂಬ್ಸಬಾರ್ದಾ?"

ಮೋಹಿನಿ ಅವನ ಕೈಯನ್ನು ಕೆನ್ನೆಗೆ ಒತ್ತಿಕೊಂಡಳು.

"ಇಳಿಸ್ದೋನು ನೀನು. ನೀನೇ ಎದ್ ಬಂದು ತುಂಬು. ಅಲ್ಲೀಗಂಟ ಇನ್ನೊಬ್ರು ಆ ಟಯರು ಮುಟ್ಟಂಗಿಲ್ಲ."