ಎಂಟನೆಯ ಟೇಕ್

“ಸುಳ್ಳು. ಇನ್ನೊಂದ್ಸಲ.”

ಒಡೆಸ್ಸಾ ಗುಂಡಿ ಒತ್ತಿ ಮೈಕಿನಲ್ಲಿ ಹೇಳಿದಳು. ರೆಕಾರ್ಡಿಂಗ್ ಕೋಣೆಯ ಗಾಜಿನ ಆಚೆ ಸ್ಟೂಲಿನ ಮೇಲೆ ಕುಳಿತಿದ್ದ ಥ್ಯಾಡ್ ಗಿಟಾರಿನ ಮೇಲೆ ಗಲ್ಲ ಊರಿ ನಕ್ಕ. ಆ ನಗು ಮೆಂಫಿಸ್‌ನ ಎಷ್ಟೋ ಹೆಣ್ಣುಮಕ್ಕಳ ನಿದ್ದೆ ಕೆಡಿಸಿತ್ತು. ಒಡೆಸ್ಸಾಳದನ್ನಂತೂ ಪೂರಾ ಕೆಡಿಸಿತ್ತು.

“ಶ್ರುತಿ ತಪ್ತಾ?”

“ಶ್ರುತಿ ಸರಿ ಇದೆ. ನೀನೇ ಸರಿ ಇಲ್ಲ.”

“ಇದು ನಿಮ್ಮಮ್ಮನ ಡೈಲಾಗ್ ಕಣೇ.”

“ಅಮ್ಮ ಇನ್ನೂ ಬೇಕಾದಷ್ಟು ಹೇಳಿದ್ಲು. ಹಾಡು, ಹಾಡು.”

ಆಗಸ್ಟ್ ತಿಂಗಳ ಮಧ್ಯಾಹ್ನ. ಸದ್ದು ಟೇಪಿಗೆ ಬರುತ್ತದೆಂದು ಏಸಿ ಆರಿಸಿದ್ದರು. ಅವನ ಅಂಗಿ ಬೆನ್ನಿಗೆ ಅಂಟಿತ್ತು. ಅವಳು ಮಾತ್ರ ಐಸ್ ಹಾಕಿದ ಸಿಹಿ ಟೀಯನ್ನು ಅವನಿಗೆ ಕಾಣುವ ಹಾಗೆ ಹೀರುತ್ತಿದ್ದಳು. ಟೇಪು ಓಡುವಾಗ ಉರಿಯಬೇಕಿದ್ದ ಬಾಗಿಲ ಮೇಲಿನ ಕೆಂಪು ಬಲ್ಬು ಸುಟ್ಟುಹೋಗಿ ವಾರವಾಗಿತ್ತು. ಟೇಪು ಓಡುತ್ತಿದೆಯೋ ಇಲ್ಲವೋ ಎಂಬುದು ಅವಳೊಬ್ಬಳಿಗೇ ಗೊತ್ತು.

ನಾಲ್ಕು ವರ್ಷದ ಹಿಂದೆ, ತಮ್ಮಿಬ್ಬರ ಮದುವೆಗೆ ಆರು ದಿನ ಇರುವಾಗ, ಈ ಮಹಾರಾಯ ಬ್ಯಾಂಡಿನ ಬಸ್ಸು ಹತ್ತಿ ಹೋದವನು ಒಂದು ಫೋನೂ ಮಾಡಿರಲಿಲ್ಲ. ಕರೆದಿದ್ದ ಮನೆಗಳಿಗೆಲ್ಲ ಒಡೆಸ್ಸಾಳೇ ಹೋಗಿ, ಮದುವೆ ಇಲ್ಲ ಎಂದು ಹೇಳಿ ಬಂದಿದ್ದಳು. ಈಗ ಹೊಸ ಆಲ್ಬಮ್ ಹೊತ್ತು ಅವಳ ಸ್ಟುಡಿಯೋಗೇ ಬಂದಿದ್ದ. ತನ್ನ ಗಿಟಾರಿನ ದನಿ ಹಿಡಿಯುವ ಕಿವಿ ಅವಳಿಗೆ ಬಿಟ್ಟರೆ ಯಾರಿಗೂ ಇಲ್ಲವಂತೆ! ಬ್ಲೂಸ್ ಮತ್ತು ರಾಕ್ ಜೊತೆಗೆ ಚರ್ಚಿನ ಕೋರಸ್, ಲೂಸಿಯಾನಾದ ಅಕಾರ್ಡಿಯನ್, ಹಳ್ಳಿ ಕುಣಿತದ ಪಿಟೀಲು ಎಲ್ಲ ಕಲಸಿ ಒಂಬತ್ತು ಹಾಡು ಮುಗಿದಿದ್ದವು. ಹತ್ತನೆಯದಕ್ಕೆ ಬರೀ ಗಿಟಾರು, ಬರೀ ಅವನು.

“ಇದು ನಿನಗೆ” ಎಂದಿದ್ದ ಬೆಳಿಗ್ಗೆ. “ಕೇಳಿ ಆದ್ಮೇಲೆ ಹೂಂ ಅನ್ನು, ಇಲ್ಲಾ ಊಹೂಂ ಅನ್ನು. ಊಹೂಂ ಅಂದ್ರೆ ಮತ್ತೆ ಮದುವೆ ಮಾತೇ ಎತ್ತಲ್ಲ.”

ಏಳು ಸಲ ಹಾಡಿಸಿದಳು. ನಿಜ ಹೇಳಬೇಕೆಂದರೆ ಎರಡನೆಯದರಲ್ಲೇ ಹಾಡು ಚೆನ್ನಾಗಿತ್ತು. ಉಳಿದ ಐದು ಬರೀ ಸೇಡು.

ಎಂಟನೆಯ ಸಲ ಅವನು ಕಣ್ಣು ಮುಚ್ಚಿದಾಗ ಅವಳು ಟೇಪು ನಿಲ್ಲಿಸಿಬಿಟ್ಟಳು. ಆಲ್ಬಮ್ಮಿಗಲ್ಲ, ಲೋಕಕ್ಕಲ್ಲ, ಒಂದು ಸಲ ತನಗೇ ಅಂತ ಕೇಳುವ ಆಸೆಯಾಯಿತು.

‘ಮನೆಮನೆಗೆ ನಾನು ಹೋಗಬೇಕಿತ್ತು, ನೀನು ಹೋದೆ’ ಎಂಬ ಸಾಲಿಗೆ ಬಂದಾಗ ಅವನ ಗಂಟಲು ಕಟ್ಟಿತು. ‘ನೀನು’ ಎಂಬಲ್ಲಿ ದನಿ ಒಡೆಯಿತು. ಬೆರಳು ನಿಂತವು. ಒಂದು ಉಸಿರು ಎಳೆದುಕೊಂಡು ಹೇಗೋ ಮುಗಿಸಿದ. ಒಡೆಸ್ಸಾಳಿಗೆ ಗಾಜಿನ ಆಚೆ ಏನೂ ಕಾಣದಷ್ಟು ಕಣ್ಣೀರು ಬಂದಿತ್ತು. ನಾಲ್ಕು ವರ್ಷದ ಸಿಟ್ಟು ಎಲ್ಲಿ ಹೋಯಿತೋ! ಹೂಂ ಎನ್ನಲು ಗುಂಡಿಯ ಮೇಲೆ ಬೆರಳಿಟ್ಟಳು.

ಅಷ್ಟರಲ್ಲಿ ಅವನೇ ಕೇಳಿದ. “ಬಂತಾ?”

“ಏನು?”

“ಟೇಪಿಗೆ ಬಂತಾ? ಆ ಗಂಟಲು ಕಟ್ಟಿದ್ದು?”

“ಟೇಪ್ ನಿಲ್ಲಿಸಿದ್ದೆ ಥ್ಯಾಡ್. ಒಂದೇ ಒಂದ್ಸಲ ನನಗೇ ಅಂತ ಕೇಳ್ಬೇಕು ಅನ್ನಿಸ್ತು.”

“ತಲೆ ಕೆಟ್ಟಿದೆಯಾ ನಿನಗೆ? ಇಡೀ ಆಲ್ಬಮ್ ನಿಂತಿರೋದೇ ಅದರ ಮೇಲೆ!” ಎದ್ದು ನಿಂತವನು ತಕ್ಷಣ ದನಿ ಇಳಿಸಿದ. “ಹೋಗ್ಲಿ ಬಿಡು ಚಿನ್ನ. ಎಲ್ಲಿ ಹೇಗೆ ದನಿ ಒಡೀತು ಅಂತ ನನಗೆ ನೆನಪಿದೆ. ಟೇಪ್ ಹಾಕು.”

ಹಾಕಿದಳು. ಅದೇ ಸಾಲು ಬಂತು. ‘ನೀನು’ ಎಂಬಲ್ಲೇ ದನಿ ಒಡೆಯಿತು. ಬೆರಳು ಅಷ್ಟೇ ಹೊತ್ತು ನಿಂತವು. ಉಸಿರು ಕೂಡ ಅಷ್ಟೇ ಉದ್ದ. ಕೇಳಿದವರು ಅತ್ತೇಬಿಡಬೇಕು. ಅವಳು ಒಂದು ತಪ್ಪಿಗಾಗಿ ಕಿವಿಗೊಟ್ಟು ಹುಡುಕಿದಳು. ಸಿಗಲಿಲ್ಲ.

ಟೇಪಿನ ಲೆಕ್ಕದಲ್ಲಿ ಎಂಟನೆಯದು ಇದೇ. ಟೇಪಿನ ಡಬ್ಬಿಯ ಮೇಲೆ ‘ಎಂಟನೆಯ ಟೇಕ್’ ಎಂದೇ ಬರೆದಳು.

ಥ್ಯಾಡ್ ಬೆವರು ಒರೆಸಿಕೊಳ್ಳುತ್ತಾ ಅವಳ ಕೋಣೆಗೆ ಬಂದ. ಮತ್ತೆ ಅದೇ ನಗು. “ಹೇಗಿತ್ತು?”

“ತುಂಬಾ ಚೆನ್ನಾಗಿ ಬಂತು.”

“ಮತ್ತೆ? ಹೂಂನಾ, ಊಹೂಂನಾ?”

ಒಡೆಸ್ಸಾ ಏಸಿ ಹಾಕಿದಳು. “ಆಗ್ಲೇ ಇಲ್ಲಿ ಒಬ್ಬ ಹಾಡಿದ. ಅವನಿಗೆ ಹೂಂ ಅನ್ನೋದ್ರಲ್ಲಿದ್ದೆ.”

“ಅವನು ನಾನೇ ಕಣೇ!”

ಅವಳು ಡಬ್ಬಿಯನ್ನು ಅವನ ಕೈಗಿಟ್ಟಳು.

“ಅಲ್ಲ. ನೀನು ಥೇಟ್ ಅವನ ಹಾಗೇ ಹಾಡ್ತೀಯ, ಅಷ್ಟೇ.”