ಬೋಗುಣಿಯ ಇರುವೆಗಳು

ಕೋಚ್ ಟವೆಲ್ ತರಲು ಹೋಗಿ ಬಂದಾಗ, ಕೋಣೆಯಲ್ಲಿ ಅಭ್ಯಾಸಕ್ಕೆಂದು ಕಟ್ಟಿ ನಿಲ್ಲಿಸಿದ್ದ ಸೈಕಲ್ಲಿನ ಚಕ್ರ ಇನ್ನೂ ತಿರುಗುತ್ತಿತ್ತು. ಸವಾರ ಮಾತ್ರ ನೆಲದ ಮೇಲೆ. ಬಾಯಲ್ಲಿ ನೊರೆ. ಉಸಿರಿರಲಿಲ್ಲ. ಕೋಚ್ ಫೋನ್ ಮಾಡಲು ಹೊರಗೆ ಓಡಿದ.

ಇನ್‌ಸ್ಪೆಕ್ಟರ್ ಮೇಡಂ ಬರುವ ಹೊತ್ತಿಗೆ ತೀರ್ಪೇ ಆಗಿಹೋಗಿತ್ತು. ಬಾಟಲಿಯ ಗ್ಲೂಕೋಸ್ ನೀರಿನಲ್ಲಿ ಕೀಟನಾಶಕದ ವಾಸನೆ. ಅದನ್ನು ಕಲಸಿ ಕೊಟ್ಟವಳು ಹೆಂಡತಿ. ಸಂಜೆಯೊಳಗೆ ಅವಳನ್ನು ಒಳಗೆ ಹಾಕಿ ಎಂದು ಮೇಲಧಿಕಾರಿ ಫೋನಿನಲ್ಲೇ ಹೇಳಿದ್ದರು. ಪಾಪ, ಮೂಲೆಯಲ್ಲಿ ಕುಸಿದಿದ್ದ ಅವಳಿಗೆ ಅಳುವ ತ್ರಾಣವೂ ಇರಲಿಲ್ಲ.

"ನಾಳೆ ಸ್ಟೇಷನ್ನಿಗೆ ಹೋಗಿ ಒಂದು ವಿಷಯ ಹೇಳಿಬಿಡ್ತೀನಿ ಅಂತಿದ್ರು ಮೇಡಂ. ಏನು ಅಂದ್ರೆ ಸುಮ್ಮನಾದ್ರು," ಎಂದಳು ಹೆಂಡತಿ.

"ಇವಳದ್ದೇ ಏನೋ ಇರ್ಬೇಕು," ಎಂದ ಸವಾರನ ಅಣ್ಣ. ರಸ್ತೆಯಲ್ಲಿ ತಮ್ಮನ ಹಿಂದೆ ಕಾರು ಓಡಿಸುವವನು ಅವನೇ. "ಬಾಗಿಲ ಗಾಜಿನಿಂದ ನಾನೇ ನೋಡಿದೆ. ಅವನ ಬೆನ್ನು ಈ ಕಡೆಗಿತ್ತು. ಬಾಟ್ಲಿ ಎತ್ತಿ ಎತ್ತಿ ಗಟಗಟ ಕುಡಿದ."

ಕೋಚ್ ಬಾಯಿ ತೆರೆದ. ಮೇಡಂ ಕಣ್ಣಲ್ಲೇ ತಡೆದು ಅವನನ್ನು ಹೊರಗೆ ಕರೆದರು.

* * *

ಅಂಗಳದಲ್ಲಿ ಅಣ್ಣನ ಕಾರು ನಿಂತಿತ್ತು. ಮುಂದಿನ ಒಂದು ದೀಪ ಹಳದಿಗಟ್ಟಿದೆ, ಇನ್ನೊಂದು ಪಳಪಳ.

"ಕುಡಿಯೋದೆಲ್ಲಿ ಬಂತು ಮೇಡಂ! ಇವತ್ತಿಂದ ಹೊಸ ಪ್ರಯೋಗ. ಅವನಿಗೆ, ಅವನ ಹೆಂಡತಿಗೆ, ನನಗೆ ಬಿಟ್ರೆ ಯಾರಿಗೂ ಗೊತ್ತಿಲ್ಲ. ಖಾಲಿ ಹೊಟ್ಟೇಲಿ ತುಳೀಬೇಕು. ಸಿಹಿ ನೀರನ್ನ ಮುಕ್ಕಳಿಸಿ ಉಗೀಬೇಕು, ಅಷ್ಟೇ. ಬಾಯಿಗೆ ತಾಕಿದ್ರೆ ಸಾಕು, ಊಟ ಬಂತು ಅಂತ ಮಿದುಳು ನಂಬಿ ಕಾಲಿಗೆ ಬಲ ಬಿಡುತ್ತೆ."

"ಮೂಗಿಗೆ ತುಪ್ಪ ಸವರಿದ ಹಾಗೆ."

"ಹೂಂ. ಆದ್ರೆ ಬೆಳಿಗ್ಗೆ ಬಾಯಲ್ಲಿ ಕಾಫಿ ವಾಸನೆ. ಬೈದೆ. ಬೇಡ ಅನ್ನೋಕಾಗಲಿಲ್ಲ ಅಂತ ನಕ್ಕುಬಿಟ್ಟ."

* * *

ಒಳಗೆ ಬಂದು ಮೇಡಂ ಸೈಕಲ್ಲಿನ ಮುಂದೆ ಮಂಡಿಯೂರಿದರು. ಹ್ಯಾಂಡಲ್ ಕೆಳಗೆ ಉಗುಳುವ ಬೋಗುಣಿ. ಅಂಚಿನ ತುಂಬ ಇರುವೆ, ಲವಲವಿಕೆಯಿಂದ ಓಡಾಡುತ್ತಿವೆ. ಬಾಟಲಿಯಿಂದ ಒಂದೇ ಒಂದು ಹನಿಯನ್ನು ಅಲ್ಲೇ ನೆಲಕ್ಕೆ ಬಿಟ್ಟರು. ಮುಟ್ಟಿದ ಇರುವೆಗಳು ಒದ್ದಾಡಿ ಮುದುಡಿದವು.

"ಅವನು ಉಗಿದ ನೀರಲ್ಲಿ ವಿಷ ಇಲ್ಲ. ಬಾಟಲೀಲಿ ಇದೆ. ಅಂದ್ರೆ ಅವನು ಬಿದ್ದ ಮೇಲೆ ಹಾಕಿದ್ದು. ಕೋಚ್ ಫೋನ್ ಮಾಡೋಕೆ ಓಡಿದಾಗ ಇಲ್ಲಿದ್ದವರು ಯಾರು?"

"ನಾನು... ನೀರು ಚಿಮುಕಿಸೋಣ ಅಂತ..." ಅಣ್ಣ ತೊದಲಿದ.

"ಉಗೀತಾನೆ ಅಂತ ಗೊತ್ತಿದ್ದವರು ಬಾಟಲಿಗೆ ಹಾಕ್ತಿರಲಿಲ್ಲ. ಕುಡೀತಾನೆ ಅಂದುಕೊಂಡವನು ನೀನೊಬ್ಬನೇ. ಅವನ ಹೊಟ್ಟೆಗೆ ಹೋಗಿದ್ದು ಕಾಫಿ ಮಾತ್ರ. ವಿಷದ ಕಹಿ ಕಾಫಿಯ ಕಹಿಯಲ್ಲಿ ಬೆರೆತುಹೋಯ್ತು."

"ನನ್ನ ಕಾರಲ್ಲಿ ಫ್ಲಾಸ್ಕೇ ಇಲ್ಲ!"

"ಫ್ಲಾಸ್ಕ್ ಅಂತ ಯಾರಪ್ಪ ಅಂದ್ರು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಕಾನ್‌ಸ್ಟೇಬಲ್ ಹೋಗಿ ಸೀಟಿನಡಿಯಿಂದ ಫ್ಲಾಸ್ಕ್ ತಂದೇಬಿಟ್ಟ.

"ಹೆದ್ದಾರೀಲಿ ಒಬ್ಬ ಹೆಂಗಸಿಗೆ ಗುದ್ದಿ ಓಡಿದ ಕಾರನ್ನ ಹುಡುಕ್ತಿದ್ದೀವಿ. ನಿನ್ನ ಕಾರಿನ ಒಂದು ದೀಪ ಮಾತ್ರ ಹೊಸದು. ಆ ಗುದ್ದಿದ್ದನ್ನ ನಿನ್ನ ತಮ್ಮ ಕಣ್ಣಾರೆ ಕಂಡಿದ್ದ. ನಾಳೆ ಹೇಳೋನಿದ್ದ, ಅಲ್ವಾ?"

ಅಣ್ಣನ ತಲೆ ತಗ್ಗಿತು. ಹೆಂಡತಿ ಗೋಡೆ ಹಿಡಿದು ಎದ್ದಳು.

"ಭಾವ, ಇವತ್ತು ಒಂದು ಗುಟುಕೂ ನುಂಗಬಾರದು ಅಂತ ನನ್ನ ಕೈಗೆ ಹಾಲನ್ನೂ ವಾಪಸ್ ಕೊಟ್ಟಿದ್ರು. ಕಾಫಿ ನೀವು ಕೊಟ್ರಿ ಅಂತ ಕುಡಿದ್ರು."