ತಾತನ ಕೆಂಪು ಗೆರೆ

"ಸಾರ್, ಶೂ ಇಲ್ಲೇ ಬಿಟ್ಟು ಮೇಲೆ ಬನ್ನಿ," ಎಂದರು ರಾಜಶ್ರೀ ಮಿಸ್.

ಜ್ಯೋತ್ಸ್ನಾ ಬೆಂಚಿನಿಂದ ಅರ್ಧ ಎದ್ದಳು. ಅಯ್ಯೋ, ಇದು ಯಾರಿಗೂ ಹೊಳೆದೇ ಇರಲಿಲ್ಲವಲ್ಲ!

ಇಟ್ಟಮಡುವಿನ ಅವಳ ಶಾಲೆಯಲ್ಲಿ ಅಂದು ಅಜ್ಜ-ಅಜ್ಜಿಯರ ದಿನ. ದೀಪ ಹಚ್ಚಲು ಮಿಸ್ ಕರೆದದ್ದು ಅವಳ ತಾತ ಗುರುಶಾಂತಪ್ಪನವರನ್ನೇ.

ತಾತನಿಗೆ ಪಾರ್ಕಿನ್ಸನ್ ಕಾಯಿಲೆ. ವರ್ಷ ವರ್ಷಕ್ಕೂ ಅದು ಹೆಚ್ಚುತ್ತಲೇ ಇದೆ. ನಡೆಯುತ್ತಾ ನಡೆಯುತ್ತಾ ಇದ್ದಕ್ಕಿದ್ದಂತೆ ಪಾದ ನೆಲಕ್ಕೆ ಅಂಟಿಕೊಂಡುಬಿಡುತ್ತದೆ. ಕತೆಯಲ್ಲಿ ಶಾಪ ತಗುಲಿ ಕಲ್ಲಾಗುತ್ತಾರಲ್ಲ, ಹಾಗೆ. ಆದರೆ ಎದುರಿಗೆ ಒಂದು ಗೆರೆ ಕಂಡರೆ ಸಾಕು, ಅದನ್ನು ದಾಟಲು ಕಾಲು ತಾನಾಗಿ ಏಳುತ್ತದೆ. ಅದಕ್ಕೇ ಮನೆಯೊಳಗೆ ಅಮ್ಮ ನೆಲಕ್ಕೆಲ್ಲ ಬಣ್ಣದ ಟೇಪ್ ಅಂಟಿಸಿದ್ದಾಳೆ.

ಬೀದಿಗೆ ಸ್ಮಾರ್ಟ್ ಶೂ! ಒಂದೊಂದು ಶೂ ಮೇಲೂ ಪಟ್ಟಿಯಿಂದ ಬಿಗಿದ, ಬೆಂಕಿಪೊಟ್ಟಣದಷ್ಟು ಪುಟ್ಟ ಡಬ್ಬಿ. ಒಂದು ಕಾಲು ಊರಿದ ಕೂಡಲೇ ಇನ್ನೊಂದರ ಮುಂದೆ ಕೆಂಪು ಬೆಳಕಿನ ಗೆರೆ ಬೀಳುತ್ತದೆ.

ವಾರವೆಲ್ಲ ಜ್ಯೋತ್ಸ್ನಾ ಕ್ಲಾಸಿನಲ್ಲಿ ಜಂಬ ಕೊಚ್ಚಿದ್ದೇ ಕೊಚ್ಚಿದ್ದು. "ನಮ್ ತಾತನ ಕಾಲಲ್ಲಿ ಲೇಸರ್ ಇದೆ, ಗೊತ್ತಾ?"

"ಬುರುಡೆ ಬಿಡ್ಬೇಡ ಮಗಾ! ನಿಮ್ ತಾತ ಏನ್ ರೋಬೋನಾ?" ಎಂದಿದ್ದ ಲಿಖಿತ್. ಈಗ ಅವನು ಮುಂದಿನ ಸಾಲಿನಲ್ಲೇ ಕೂತು ಕತ್ತು ಉದ್ದ ಮಾಡಿದ್ದಾನೆ.

ತಾತ ಶೂ ಬಿಚ್ಚಿದರು. ವೇದಿಕೆಯ ಮೆಟ್ಟಿಲನ್ನು ಸಲೀಸಾಗಿ ಹತ್ತಿದರು. ಮೆಟ್ಟಿಲಿನ ಅಂಚೇ ಅವರಿಗೆ ಗೆರೆ. ಮೇಲೆ ಮಾತ್ರ ನುಣ್ಣನೆಯ ಬರಿ ನೆಲ. ದೀಪ ಆ ತುದಿಯಲ್ಲಿ.

ಪಾದ ಅಂಟಿಕೊಂಡಿತು.

ಹಾಲ್ ತುಂಬ ಗುಸುಗುಸು. ಮಿಸ್ ಓಡಿಬಂದರು. "ಪರವಾಗಿಲ್ಲ ಸಾರ್, ಶೂ ಹಾಕ್ಕೊಂಡೇ ಬನ್ನಿ."

"ದೀಪದ ಮುಂದೆ ಶೂನಾ? ಆಗಲ್ಲ ತಾಯಿ." ತಾತನ ಹಣೆಯ ವಿಭೂತಿ ಬೆವರಿಗೆ ಕರಗುತ್ತಿತ್ತು.

"ಹಾಗಾದ್ರೆ ನಾನು ಕೈ ಹಿಡ್ಕೊಳ್ಲಾ?"

"ಬೇಡಮ್ಮಾ. ಆಗ ನಾನು ನಡೆದಂಗಲ್ಲ, ನೀವು ಎಳ್ಕೊಂಡು ಹೋದಂಗೆ."

ಜ್ಯೋತ್ಸ್ನಾಳಿಗೆ ಬೆಂಚಿನ ಕೆಳಗೆ ನುಸುಳಿಬಿಡೋಣ ಅನ್ನಿಸಿತು. ಆಗ ಕಂಡವು, ಮೆಟ್ಟಿಲ ಬುಡದಲ್ಲಿ ತಾತನ ಶೂಗಳು. ಮೇಲೆ ಹೋಗಬಾರದ್ದು ಶೂ ತಾನೇ? ಡಬ್ಬಿ ಹೋಗಬಹುದಲ್ಲ!

ಓಡಿದಳು. ಡಬ್ಬಿಗಳನ್ನು ಕಿತ್ತು ತಾತನ ಕಾಲಿಗೆ ಕಟ್ಟಲು ನೋಡಿದಳು. ಬರಿಗಾಲಿಗೆ ಅವುಗಳ ಪಟ್ಟಿ ಸಡಿಲ, ಜಾರಿ ಜಾರಿ ಬಿತ್ತು. ಸರಕ್ಕನೆ ತನ್ನ ಎರಡು ಜಡೆಯ ರಿಬ್ಬನ್‌ಗಳನ್ನೂ ಎಳೆದಳು.

"ತಾತ, ಅಲ್ಲಾಡ್ಬೇಡ!"

"ಅಲ್ಲಾಡಕ್ಕಾಗಿದ್ರೆ ಇಲ್ಲಿ ಯಾಕೆ ನಿಂತಿರ್ತಿದ್ದೆ ಪುಟ್ಟಿ?"

ಬಿಗಿಯಾಗಿ ಕಟ್ಟಿದಳು. ಮೊದಲ ಗೆರೆ ನೆಟ್ಟಗೆ ಹೋಗಿ ಮಿಸ್ ಸೀರೆಯ ಮೇಲೆ ಬಿತ್ತು! ಹಾಲೆಲ್ಲ ನಕ್ಕಿತು. ಎಲ್ಲರಿಗಿಂತ ಜೋರಾಗಿ ತಾತ. ಜ್ಯೋತ್ಸ್ನಾ ಡಬ್ಬಿಯನ್ನು ತುಸು ಬಗ್ಗಿಸಿದಳು. ಗೆರೆ ಮೆಲ್ಲಗೆ ಇಳಿದು ತಾತನ ಪಾದದ ಮುಂದೆ ಮಲಗಿತು.

ತಾತನ ಕಾಲು ಎದ್ದಿತು.

ಗೆರೆ ದಾಟಿದರು. ಮುಂದೆ ಇನ್ನೊಂದು ಗೆರೆ. ಅದನ್ನೂ ದಾಟಿದರು. ಕಾಲಿಗೆ ನೀಲಿ ರಿಬ್ಬನ್, ಹಣೆಗೆ ವಿಭೂತಿ, ತಾತ ರಾಜನ ಹಾಗೆ ದೀಪದ ತನಕ ನಡೆದರು.

ಕೈ ನಡುಗುತ್ತಿತ್ತು. ಬತ್ತಿ ಹೊತ್ತಿಕೊಳ್ಳಲು ಸುಮಾರು ಹೊತ್ತೇ ಹಿಡಿಯಿತು. ಜ್ವಾಲೆ ಎದ್ದದ್ದೇ ತಡ, ಲಿಖಿತ್ ಬೆಂಚಿನ ಮೇಲೆ ಹತ್ತಿ ಕಿರುಚಿದ: "ತಾತಾ, ಸಖತ್!"

"ನಮ್ ತಾತ ಕಣೋ!" ಎಂದು ಜ್ಯೋತ್ಸ್ನಾ ವೇದಿಕೆಯ ಮೇಲಿಂದಲೇ ಕೂಗಿದಳು.

ತಾತ ಮತ್ತೆ ಮೆಟ್ಟಿಲಿನತ್ತ ತಿರುಗಿದರು. ಅಭ್ಯಾಸಬಲದಿಂದ ಅವಳ ಕೈ ಅವರತ್ತ ಚಾಚಿಕೊಂಡಿತು. ತಾತನ ಕಣ್ಣು ಮಾತ್ರ ಗೆರೆಯ ಮೇಲೇ ಇತ್ತು. ಮೊಗದಲ್ಲಿ ಸಣ್ಣ ನಗು.

ಅವಳು ಕೈಯನ್ನು ಮೆಲ್ಲನೆ ಹಿಂದಕ್ಕೆ ತೆಗೆದುಕೊಂಡಳು. ಮುಂದೆ ಕೆಂಪು ಗೆರೆ, ಅದರ ಹಿಂದೆ ತಾತ, ತಾತನ ಹಿಂದೆ, ಅವರಷ್ಟೇ ನಿಧಾನವಾಗಿ, ಬಿಚ್ಚಿದ ಜಡೆಯ ಅವಳು.